ನರ್ಸಿಂಗ್ ಶಾಲೆಗೆ ಮನೆತನ ನೋಡಿದ್ದು

ಕಲಬುರಗಿ
ಮೇ ೮, ಗುರುವಾರ

ನನ್ನ ಮುದ್ದಿನ, ಸಿಟ್ಟಿನ, ಫೋನಿಗೆ ಬಾರದ ಅವ್ವನಿಗೆ,

ನಿನ್ನ ಗೌತಮಿಯ ಜೈಭೀಮ್. ಕಾಗದ ನೋಡಿ ಗಾಬರಿಯಾಗಬೇಡ. ನಾನು ಆರಾಮ ಇದ್ದೇನೆ, ದೊಡ್ಡವ್ವನೂ ಆರಾಮ. ಫೋನಿನಲ್ಲಿ ನಾನು ನರ್ಸಿಂಗ್ ಎಂದು ಬಾಯಿ ತೆರೆಯುವಷ್ಟರಲ್ಲಿ ನೀನು "ನಿಮ್ಮಪ್ಪಗ ಹೇಳು" ಎಂದು ಅಪ್ಪನ ಕೈಗೆ ಕೊಟ್ಟುಬಿಡುತ್ತೀ. ಅಪ್ಪ ಸ್ಪೀಕರ್ ಹಾಕುತ್ತಾನೆ. ಆಮೇಲೆ ನಮ್ಮ ಕಟ್ಟೆಗೆ ಬಾಳೆಹಣ್ಣು ಕೊಳ್ಳಲು ಬಂದವರೆಲ್ಲ ಸೇರಿ ನನ್ನ ಭವಿಷ್ಯ ತೀರ್ಮಾನ ಮಾಡುತ್ತಾರೆ. ಮೊನ್ನೆ ಯಾರೋ "ಹುಡುಗಿಗಿ ಒಂದು ಹೊಲಿಗಿ ಮಷೀನ್ ಕೊಡಸ್ರಿ, ಮುಗೀತು" ಅಂದದ್ದು ನನಗೆ ಇಲ್ಲಿಗೇ ಕೇಳಿಸಿತು. ಅದಕ್ಕೇ ಈ ಕಾಗದ. ನಾಳೆ ಅಪ್ಪ ಕೆಂಪು ಬಾಳೆಹಣ್ಣು ಹಾಕಲು ಮಾರ್ಕೆಟ್ಟಿಗೆ ಬಂದಾಗ ಅವನ ಕೈಯಲ್ಲಿ ಕೊಡುತ್ತೇನೆ. ದಯವಿಟ್ಟು ಇದನ್ನು ಮಾತ್ರ ಯಾರ ಕೈಗೂ ದಾಟಿಸದೆ ಪೂರ್ತಿ ಓದು.

ನಿನಗೆ ನರ್ಸಿಂಗ್ ಯಾಕೆ ಬೇಡ ಎಂದು ನನಗೆ ಗೊತ್ತು. ನಾನು ಹೊರಟ ದಿನ ನೀನು ರೊಟ್ಟಿ ಬಡಿಯುತ್ತ, ನನ್ನ ಮುಖ ಕೂಡ ನೋಡದೆ ಹೇಳಿದ್ದೆ: "ನಮ್ಮವ್ವ ಆಯುಷ್ಯ ಎಲ್ಲಾ ದವಾಖಾನ್ಯಾಗ ಮಂದಿ ಹೊಲಸು ಬಳದಾಳ. ನೀ ಪಿಯುಸಿ ಓದಿ, ಫೀ ತುಂಬಿ, ಅದನ್ನೇ ಮಾಡಬೇಕೇನು?" ಕಮಲಾಪುರದಿಂದ ಕಲಬುರಗಿಯವರೆಗೂ ಬಸ್ಸಿನ ಕಿಟಕಿಗೆ ತಲೆ ಆನಿಸಿ ಉತ್ತರ ಹುಡುಕಿದೆ. ಅಂಥ ಕೆಲಸ ಇಲ್ಲದ ಶಾಲೆ ಇದ್ದರೆ ಮಾತ್ರ ನೋಡಬೇಕು, ಅದನ್ನೂ ನಿನ್ನ ಅಕ್ಕ ಒಪ್ಪಬೇಕು ಎಂದು ಶರತ್ತು ಹಾಕಿ ಕಳಿಸಿದೆಯಲ್ಲ, ಆ ಶರತ್ತಿಗೆ ಏನಾಯಿತು ಎಂದು ಹೇಳುವುದೇ ಈ ಕಾಗದದ ಕೆಲಸ.

ನಿನ್ನ ಅಕ್ಕನನ್ನು ನೀನು ಬಲ್ಲೆ. ನಮ್ಮ ದೊಡ್ಡವ್ವ ಕಸ್ತೂರಿಬಾಯಿ ಅವರು ಶಾಲೆ ನೋಡಲು ಹೊರಟದ್ದು ಥೇಟ್ ಹೆಣ್ಣು ಕೊಡುವ ಮನೆ ನೋಡಲು ಹೊರಟ ಹಾಗೆ. ನನಗೆ ಹೊಸ ಚೂಡಿದಾರ, ಜಡೆಗೆ ಮಲ್ಲಿಗೆ, ಅವಳ ಕೈಯಲ್ಲಿ ಹಣ್ಣಿನ ಚೀಲ. ನಾನು ಬೇಡವೆಂದರೆ "ಮೂರು ವರ್ಷ ಹುಡುಗಿನ್ನ ಒಬ್ಬರ ಮನ್ಯಾಗ ಬಿಡೂದಂದ್ರ ಮನೆತನ ನೋಡಬ್ಯಾಡೇನು?" ಅಂದಳು. ಮನೆತನ ನೋಡುವುದಕ್ಕೆ ಅವಳದೇ ಕ್ರಮವಿದೆ. ಪಡಸಾಲೆಯನ್ನು ನಂಬಬಾರದು, ಸೀದಾ ಅಡುಗೆಮನೆಗೆ ಹೋಗಬೇಕು. ಮನೆಯವರ ಮಾತು ನಂಬಬಾರದು, ನೆರೆಯವರನ್ನು ಕೇಳಬೇಕು.

ಮೊದಲನೆಯ ಶಾಲೆಯ ಹೆಸರು ಬೇಡ ಬಿಡು. ಗಾಜಿನ ಬಾಗಿಲು, ತಂಪು ಗಾಳಿ, ಕೂತ ಕೂಡಲೇ ಮಾವಿನ ಜ್ಯೂಸು. ಟೈ ಕಟ್ಟಿದವರೊಬ್ಬರು ನಮಗೆ ಜರ್ಮನಿಯ ಫೋಟೋ ತೋರಿಸಿದರು. ದೊಡ್ಡವ್ವ ಅರ್ಧ ಕೇಳಿ "ಅಡಗಿ ಮನಿ ಎಲ್ಲದರೀ?" ಎಂದು ಎದ್ದಳು. ಅದೂ ಚೆನ್ನಾಗಿತ್ತು. ಆಮೇಲೆ ಹೊಲಸು ಬಳಿಯುವ ಕೆಲಸ ಇದೆಯೇ ಎಂಬ ನಿನ್ನ ಪ್ರಶ್ನೆ ಕೇಳಿದಳು. ಅವರು ನಕ್ಕು "ನಮ್ಮ ಹುಡುಗ್ಯಾರು ಅವನ್ನೆಲ್ಲಾ ಮುಟ್ಟಂಗಿಲ್ರಿ. ಅದಕ್ಕ ಆಯಾಗಳು ಇರ್ತಾರ. ನಮ್ಮಲ್ಲಿ ಎಲ್ಲಾ ಬೊಂಬಿ ಮ್ಯಾಲೆ ಕಲಸ್ತೀವಿ" ಅಂದರು. ದೊಡ್ಡವ್ವನ ಮುಖ ಅರಳಿತು. ನನ್ನ ತೊಡೆ ಚಿವುಟಿ "ನಮ್ಮ ತಂಗಿ ಯಶೋಧರಾಗ ಬೇಕಾಗಿದ್ದು ಇದೇ" ಎಂದು ಪಿಸುಗುಟ್ಟಿದಳು.

ಅಷ್ಟು ಕೇಳಿಯೇ ವಾಪಸು ಬಂದುಬಿಟ್ಟಿದ್ದರೆ ನೀನು ಒಪ್ಪುತ್ತಿದ್ದೆ, ಈ ಕಾಗದವೇ ಬೇಕಿರಲಿಲ್ಲ. ಆದರೆ ನಾನು ಆ ಬೊಂಬೆ ನೋಡಬೇಕೆಂದೆ. ತೋರಿಸಿದರು. ಮಂಚದ ಮೇಲೆ ಮಲಗಿಸಿದ್ದರು, ಮೈಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿರಲಿಲ್ಲ. ಶಾಲೆ ಶುರುವಾಗಿ ಐದು ವರ್ಷವಂತೆ. ನಿಮ್ಮ ದವಾಖಾನೆ ಎಲ್ಲಿ ಎಂದು ಕೇಳಿದರೆ "ಕಟ್ಟಾಕತ್ತೀವಿ" ಅಂದರು. ನನಗೆ ಜೀವವಿರುವ ಒಬ್ಬ ರೋಗಿಯನ್ನಾದರೂ ನೋಡಬೇಕು ಅನ್ನಿಸಿತು. ಹಠ ಮಾಡಿ ದೊಡ್ಡವ್ವನನ್ನು ಕೋಟೆಯ ಆಚೆಗಿರುವ ಎರಡನೆಯ ಶಾಲೆಗೆ ಎಳೆದುಕೊಂಡು ಹೋದೆ. ಇದಕ್ಕೆ ಸ್ವಂತ ದವಾಖಾನೆ ಇದೆ.

ಒಳಗೆ ಹೋಗುವ ಮೊದಲೇ ದೊಡ್ಡವ್ವ ನೆರೆಯವರನ್ನು ಕೇಳುವ ಶಾಸ್ತ್ರ ಶುರುಮಾಡಿದಳು. ದವಾಖಾನೆಯ ಬೇವಿನ ಗಿಡದ ಕೆಳಗೆ ರೋಗಿಗಳ ಕಡೆಯವರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಮೋಮಿನಪುರದ ಹಲೀಮಾ ಎಂಬುವರ ಪಕ್ಕ ಕೂತಳು. ಅವರ ಮಾವ ಅಲ್ಲಾಬಕ್ಷ ಸೊಂಟ ಮುರಿದುಕೊಂಡು ಒಳಗೆ ಮಲಗಿದ್ದಾರೆ. ದೊಡ್ಡವ್ವ ಅವರಿಗೆ ಹಣ್ಣು ಕೊಟ್ಟಳು, ನನ್ನನ್ನು ತಲೆ ತಗ್ಗಿಸಿ ಕೂರಲು ಹೇಳಿದಳು, ಇಲ್ಲಿ ಓದುವ ಹುಡುಗರ ಗುಣ ಹೇಗೆ, ಸಿಟ್ಟು ಮಾಡುತ್ತಾರೇನು, ದುಡಿಮೆಯಲ್ಲಿ ಹೇಗೆ ಎಂದು ಕೇಳಿದಳು. ಬಾಯಿರೂಢಿಗೆ "ಕುಡಿಯೂದು-ಗಿಡಿಯೂದು?" ಅಂತಲೂ ಸೇರಿಸಿದಳು. ಹಲೀಮಾ ಅವರು ನನ್ನ ಮಲ್ಲಿಗೆ ನೋಡಿದರು, ಹಣ್ಣಿನ ಚೀಲ ನೋಡಿದರು, ಎಲ್ಲಾ ತಿಳಿಯಿತು ಎನ್ನುವಂತೆ ನಕ್ಕರು. "ಅಮ್ಮಾ, ಗುರುಲಿಂಗ ಅಂತ ಒಬ್ಬಾಂವ ಅದಾನ. ಸೋನಾ ಹೈ, ಸೋನಾ! ಖರೇ ಬಂಗಾರ! ನಮ್ಮ ಮಾವಂದು ಚಾದರ ಬದಲಿ ಮಾಡಿದ್ರ ಅವರಿಗಿ ಎಚ್ಚರಾನೂ ಆಗಂಗಿಲ್ಲ" ಎಂದು ಹೇಳಿ, ನಾವು ಬೇಡ ಅನ್ನುವಷ್ಟರಲ್ಲಿ ಅವನನ್ನು ಕರೆಸಿಯೇಬಿಟ್ಟರು.

ಪಾಪ, ಆ ಹುಡುಗ ಕೈ ಒರೆಸಿಕೊಳ್ಳುತ್ತ ಬಂದ. ಹಲೀಮಾ ಅವರ ನಗು, ನನ್ನ ಜಡೆ, ದೊಡ್ಡವ್ವನ ತನಿಖೆಯ ಕಣ್ಣು ನೋಡಿ ಅವನ ಕಿವಿ ಕೆಂಪಾದವು. ದೊಡ್ಡವ್ವ ಬಿಡುತ್ತಾಳೆಯೇ, ಯಾವೂರು, ಯಾರ ಪೈಕಿ, ಹೊಲ ಎಷ್ಟು ಎಂದು ಸಾಲಾಗಿ ಕೇಳಿದಳು. ಎಲ್ಲಕ್ಕೂ ಉತ್ತರ ಕೊಟ್ಟು ಅವನು ಕೈ ಮುಗಿದು "ನಂದಿನ್ನಾ ಒಂದು ವರ್ಷ ಓದೂದದರಿ. ಮನ್ಯಾಗ ಅಕ್ಕನ ಲಗ್ನಾನೂ ಆಗಿಲ್ರಿ" ಅಂದ. "ನಿನಗ ಯಾರು ಕೇಳ್ಯಾರೋ ತಮ್ಮಾ? ನಾವು ಶಾಲಿ ನೋಡಾಕ ಬಂದೀವಿ!" ಎಂದು ದೊಡ್ಡವ್ವ ಕೂಗಿದಾಗ ಗಿಡದ ಕೆಳಗಿನ ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡೆ. ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ಗುರುಲಿಂಗನಿಗೇ ಇರಬೇಕು. ಓಡಿಹೋಗಿ ನಮಗೆ ಚಹಾ ತಂದ.

ಆಮೇಲೆ ವಾರ್ಡು ತೋರಿಸಲು ಕರೆದುಕೊಂಡು ಹೋದ. ಮೆಟ್ಟಿಲು ಹತ್ತುವಾಗ ದೊಡ್ಡವ್ವ ನನ್ನ ಕಿವಿಯಲ್ಲಿ, ಅವನು ಆ ಊರ ಗೌಡರ ಮೊಮ್ಮಗ, ಆ ಮನೆಯ ಅಂಗಳ ದಾಟಬೇಕಾದರೆ ನಮ್ಮವರು ಚಪ್ಪಲಿ ಕೈಯಲ್ಲಿ ಹಿಡಿಯುತ್ತಿದ್ದರು ಎಂದು ಹೇಳಿದಳು. ಅವಳು ಹೇಳಿ ಮುಗಿಸುವಷ್ಟರಲ್ಲಿ ಅಲ್ಲಾಬಕ್ಷ ಅವರು ನರಳಿದರು. ಗುರುಲಿಂಗ ಪರದೆ ಎಳೆದ. ಸ್ವಲ್ಪ ಹೊತ್ತಿಗೆ ಮುಚ್ಚಿದ ಬೆಡ್‌ಪ್ಯಾನ್ ಹಿಡಿದುಕೊಂಡು ನಮ್ಮ ಮುಂದೆಯೇ ನಡೆದು ಹೋದ. ಹೋಗುತ್ತ "ಒಂದು ನಿಮಿಷ ನಿಂದರ್ರಿ, ಬಂದೆ" ಅಂದ, ಅಂಗಡಿಗೆ ಹೊರಟವರು ಹೇಳುವ ಹಾಗೆ. ದೊಡ್ಡವ್ವ ಗೋಡೆ ಹಿಡಿದು ನಿಂತಳು. ಅವನು ಮರೆಯಾಗುವವರೆಗೂ ಆ ಬೆಡ್‌ಪ್ಯಾನನ್ನೇ ನೋಡಿದಳು, ಅವ್ವಾ!

ಅಲ್ಲಿನ ದೊಡ್ಡ ಸಿಸ್ಟರ್ ನಮ್ಮ ಮುಖ ನೋಡಿ ತಾವಾಗಿಯೇ ಹೇಳಿದರು: "ನಮ್ಮಲ್ಲಿ ಮೊದಲನೇ ಪಾಠ ಇದೇರಿ. ಯಾರ ಮಕ್ಕಳಿಗೂ ಮಾಫಿ ಇಲ್ಲ." ಹೆಣ್ಣುಮಕ್ಕಳ ವಾರ್ಡನ್ನು ಅಂಬಿಕಾ ಎಂಬ ಎರಡನೇ ವರ್ಷದ ಹುಡುಗಿ ತೋರಿಸಿದಳು. ಅಲ್ಲಿ ಒಬ್ಬ ಅಜ್ಜಿಯ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ, ಅಷ್ಟೇ.

ಅವ್ವಾ, ನನಗೆ ಈ ಶಾಲೆಯೇ ಬೇಕು. ನೀನು ಯಾವುದು ಇರಬಾರದು ಅಂದೆಯೋ ಇಲ್ಲಿ ಅದರಿಂದಲೇ ಶುರು. ಬಸ್ಸಿನಲ್ಲಿ ಸಿಗದ ಉತ್ತರ ನನಗೆ ಆ ವಾರ್ಡಿನಲ್ಲಿ ಸಿಕ್ಕಿತು. ನಿನ್ನವ್ವನ, ನಮ್ಮ ಅಜ್ಜಿಯ ಕಾಲದಲ್ಲಿ ಆ ಕೆಲಸ ಅವಳಂಥವರಿಗೇ ಮೀಸಲಾಗಿತ್ತು, ಅದನ್ನು ಬಿಟ್ಟು ಬೇರೆ ಏನನ್ನೂ ಅವಳಿಗೆ ಯಾರೂ ಕಲಿಸಲಿಲ್ಲ. ಇಲ್ಲಿ ಅದಕ್ಕೆ ಪಾಳಿ ಹಚ್ಚಿದ್ದಾರೆ. ಗೌಡರ ಮೊಮ್ಮಗನಿಗೂ ಪಾಳಿ, ನನಗೂ ಪಾಳಿ. ಅದಾದ ಮೇಲೆ ಇಂಜೆಕ್ಷನ್, ಹೆರಿಗೆ, ಆಪರೇಷನ್ ಕೋಣೆ, ಎಲ್ಲವನ್ನೂ ಕಲಿಸುತ್ತಾರೆ. ಮೊದಲನೆಯ ಶಾಲೆಯಲ್ಲಿ ಆ ಕೆಲಸ ಇಲ್ಲವೆಂದಲ್ಲ, ಅದನ್ನು ನಮ್ಮ ಅಜ್ಜಿಯಂಥ ಇನ್ನೊಬ್ಬಳಿಗೆ ಬಿಟ್ಟಿದ್ದಾರೆ. ಇದನ್ನು ಬರೆಯುವಾಗ ನನಗೆ ಅಳು ಬಂತು. ಆದರೆ ಸಿಟ್ಟಿನಿಂದಲ್ಲ, ನೀನು ಎದುರಿಗೆ ಇದ್ದಿದ್ದರೆ ತಬ್ಬಿಕೊಂಡು ಹೇಳುತ್ತಿದ್ದೆನಲ್ಲ ಎಂದು.

ವಾಪಸು ಬರುವಾಗ ಆಟೋ ಐವಾನ್-ಎ-ಶಾಹಿ ಬಡಾವಣೆಗೆ ಬಂದ ಮೇಲೆ ದೊಡ್ಡವ್ವ "ಮನೆತನ ಛಲೋ ಅದ" ಅಂದಳು. ಮತ್ತೆ "ನಿಮ್ಮವ್ವಗ ನೀನೇ ಹೇಳು, ನನಗ ಬೈಸಬ್ಯಾಡ" ಎಂದು ಜಾರಿಕೊಂಡಳು. ಸೋಮವಾರ ಸೇರಿಸಿಕೊಳ್ಳುತ್ತಾರೆ. ತಂದೆ ತಾಯಿ ಇಬ್ಬರೂ ಬಂದು ವಾರ್ಡು ಕಣ್ಣಾರೆ ನೋಡಿ ಒಪ್ಪಿದರೆ ಮಾತ್ರ ಸೀಟು ಎಂಬುದು ಅಲ್ಲಿನ ನಿಯಮ. ಅಪ್ಪ ಬರುತ್ತಾನೆ, ನನಗೆ ಗೊತ್ತು. ನೀನು ಬಾರದಿದ್ದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ತುಂಬಾ ಬೇಜಾರಾಗುತ್ತದೆ. ಮೊದಲ ಬಸ್ಸಿಗೇ ಬಾ. ಬೈಯುವುದಿದ್ದರೆ ಬಸ್ ಸ್ಟ್ಯಾಂಡಿನಲ್ಲೇ ಬೈದು ಮುಗಿಸು, ಆಮೇಲೆ ಇಬ್ಬರೂ ಚಹಾ ಕುಡಿದು ಹೋಗೋಣ.

ನಿನ್ನ ಹಠಮಾರಿ ಮಗಳು,
ಗೌತಮಿ

ತಾ.ಕ.: ಅವ್ವಾ, ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಆ ಅಜ್ಜಿಯ ಕೈ ಹಿಡಿದು ಕೂತದ್ದು ಆಮೇಲೆ. ಅವಳ ಜೊತೆ ಯಾರೂ ಇರಲಿಲ್ಲ, ಅಂಬಿಕಾ ಇನ್ನೊಬ್ಬರ ಗಾಯ ಕಟ್ಟುತ್ತಿದ್ದಳು, ಅಜ್ಜಿಗೆ ತಡೆಯಲಾಗಲಿಲ್ಲ. ಅಂಬಿಕಾ ಹೇಳಿಕೊಟ್ಟ ಹಾಗೆ ಬೆಡ್‌ಪ್ಯಾನ್ ಇಟ್ಟವಳೂ ನಾನೇ, ತೊಳೆದವಳೂ ನಾನೇ. ಹೇಸಿಗೆಯಾಗಲಿಲ್ಲವೇ ಎಂದು ಕೇಳುತ್ತೀ. ಆಯಿತು, ಸ್ವಲ್ಪ. ವಾಪಸು ಬಂದಾಗ ಅಜ್ಜಿ ಹಗುರಾಗಿ ಮಲಗಿದ್ದಳು. ನನ್ನ ತಲೆ ಮೇಲೆ ಕೈ ಇಟ್ಟು "ಯಾರ ಮಗಳವ್ವಾ ನೀ?" ಎಂದು ಕೇಳಿದಳು. ಕಮಲಾಪುರದ ಯಶೋಧರಾನ ಮಗಳು ಅಂದೆ. ಅಜ್ಜಿಗೆ ಕಿವಿ ಮಂದ, ಇಡೀ ವಾರ್ಡಿಗೆ ಕೇಳುವ ಹಾಗೆ ಎರಡು ಸಲ ಹೇಳಿದೆ.