ಹೊಡೆದು ಹಾಕದ ಹೆಸರು

ಅಕ್ಕಾ,

ಆ ನೆಲಮಹಡಿಯ ಮನೆ ಕೈತಪ್ಪಿತು. ನೀನು ಬದುಕಿದ್ದಾಗ ಹೇಳುತ್ತಲೇ ಇದ್ದೆ, "ವಕೀಲರಿಂದ ಕಾಗದ ಬಂದ ದಿನವೇ ಸಹಿ ಹಾಕಿ ಕಳಿಸಿಬಿಡೋ, ತಡ ಮಾಡಿದ್ರೆ ಮಾರೋರು ಬೇರೆ ಗಿರಾಕಿ ನೋಡ್ಕೋತಾರೆ" ಎಂದು. ಕಾಗದವೇನೋ ಬಂತು. ಕೊಳ್ಳುವವರು ಎಂದಿದ್ದ ಕಡೆ ನಮ್ಮಿಬ್ಬರ ಹೆಸರೂ ಇತ್ತು. ನೀನಿಲ್ಲವಾದ್ದರಿಂದ ನಿನ್ನ ಹೆಸರನ್ನು ಹೊಡೆದು ಹಾಕಿ, ಪಕ್ಕದಲ್ಲಿ ನಾನು ಸಹಿ ಮಾಡಬೇಕಿತ್ತು, ಅಷ್ಟೇ. ದಿನಾ ಪೆನ್ನು ಹಿಡಿದು ಕೂರುತ್ತಿದ್ದೆ, ಕೈ ಬರಲಿಲ್ಲ. ಮೂರು ವಾರ ಕಾಗದ ಹಾಸಿಗೆಯ ಕೆಳಗೇ ಇತ್ತು. ವಕೀಲರಿಗೆ ಫೋನ್ ಮಾಡಿ ಹೇಳಿಕೊಳ್ಳಲು ನಾಚಿಕೆ.

ಇವತ್ತು ಹೋದೆ. "ನಿನ್ನೆ ಬೇರೆಯವರಿಗೆ ಮಾರಿಬಿಟ್ರಲ್ಲಪ್ಪ! ಒಂದು ಗೆರೆ ಎಳೆಯೋಕೆ ಮೂರು ವಾರ ಬೇಕಾಯ್ತೇ?" ಎಂದರು ವಕೀಲರು. ತಲೆ ತಗ್ಗಿಸಿಕೊಂಡು ಬಂದೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಮೂರನೇ ಮಹಡಿಯಿಂದ ಅವಳು ಈಗಲೂ ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಇಳಿಯುತ್ತಾಳೆ. ಸಂಜೆ ಮಂಡಿ ನೀವಿಕೊಳ್ಳುತ್ತಾ ಕೇಳಿದಳು, "ಬೀಗದ ಕೈ ಯಾವಾಗ ಕೊಡ್ತಾರಂತೋ?"

"ಕಾಗದಪತ್ರ ಇನ್ನೂ ಆಗ್ತಾ ಇದೆಯಮ್ಮ."

"ನಿನ್ನಕ್ಕ ಇದ್ದಿದ್ರೆ ಇಷ್ಟೊತ್ತಿಗೆ ಆ ಮನೇಲಿ ಪಾತ್ರೆ ಜೋಡಿಸಿ, ನನಗೇ ಕೆಲಸ ಹೇಳ್ತಿದ್ಲು" ಎಂದು ನಕ್ಕಳು.

ನಾನೂ ನಕ್ಕೆ, ಅಕ್ಕಾ.