ಗೆಳತಿಪಕ್ಕದ ಮನೆ

ಅಕ್ಕನಿಗೆ ತಮ್ಮ ಬರೆಯುವುದು,

ನನ್ನ ಕಾದಂಬರಿಯ ಅಚ್ಚು ಇವತ್ತು ನಿಂತಿದೆ. ಬೆಳಿಗ್ಗೆ ಕರಡು ತಿದ್ದುವ ಮೇಡಂ ಫೋನ್ ಮಾಡಿ ತಿಳಿಸಿದರು. "ಗೆಳತಿಪಕ್ಕದ ಮನೆ ಅಂದ್ರೆ ಯಾವ ಮನೆ ಸಾರ್? ಗೆಳತಿರೆಯಿಂದ ಬಡಿಸಿದಳು ಅಂದ್ರೆ ಏನು ಬಡಿಸಿದಳು?" ಎಂದು ನಕ್ಕರು.

ತಪ್ಪು ನನ್ನದೇ. ಕೊನೆ ಗಳಿಗೆಯಲ್ಲಿ ಕಂಪ್ಯೂಟರಿನಲ್ಲಿ 'ಅಕ್ಕ' ಇದ್ದ ಕಡೆಯೆಲ್ಲ ಒಂದೇ ಏಟಿಗೆ 'ಗೆಳತಿ' ಮಾಡಿದ್ದೆ. ಅದು ಅಕ್ಕಪಕ್ಕವನ್ನೂ ಬಿಡಲಿಲ್ಲ, ಅಕ್ಕರೆಯನ್ನೂ ಬಿಡಲಿಲ್ಲ.

ಏಳನೇ ಅಧ್ಯಾಯದಲ್ಲಿ ನೀನಿದ್ದೀಯ. ಗಂಡನ ಮನೆ ಬಿಟ್ಟು ಪೆಟ್ಟಿಗೆ ಹಿಡಿದು ಬಂದವಳನ್ನು "ಸ್ವಲ್ಪ ಹೊಂದಿಕೊಂಡು ಹೋಗು" ಎಂದು ನಾನು ಅದೇ ಸಂಜೆ ವಾಪಸ್ ಕಳಿಸಿದ್ದು ಇದೆ. ನಿನ್ನ ಮರ್ಯಾದೆಗೆಂದೇ ಪದ ಬದಲಿಸಿದೆ ಅಂದುಕೊಂಡಿದ್ದೆ. ಆದರೆ ಗೆಳತಿಯನ್ನು ಕಳಿಸಿದವನ ಮೇಲೆ ಓದುವವರಿಗೆ ಅಷ್ಟೊಂದು ಸಿಟ್ಟು ಬರುವುದಿಲ್ಲ. ನಾನು ಉಳಿಸಿಕೊಂಡದ್ದು ನನ್ನ ಮರ್ಯಾದೆ.

ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕಿಟಕಿ ಪಕ್ಕದ ಕುರ್ಚಿ, ಚಹಾ, ಪೇಪರು ಯಾವುದೂ ರುಚಿಸುತ್ತಿಲ್ಲ. "ಮೂರನೇ ಸಲ ನೀರು ಹಾಕ್ತಿದ್ದೀರ, ಆ ಗಿಡ ಇನ್ನು ಈಜು ಕಲೀಬೇಕಷ್ಟೆ" ಎಂದು ನನ್ನಾಕೆ ಬೈದಳು.

'ಅಕ್ಕ' ಎಂದು ಮತ್ತೆ ಹಾಕಲು ನಿನ್ನ ಒಪ್ಪಿಗೆ ಬೇಕು. ಬೇಡ ಅಂದರೆ ಅಧ್ಯಾಯವನ್ನೇ ತೆಗೆಯುತ್ತೇನೆ. 'ಗೆಳತಿ' ಮಾತ್ರ ಉಳಿಯುವುದಿಲ್ಲ. ಆ ಹಾಳೆಗಳನ್ನು ಪತ್ರದ ಜೊತೆ ಇಟ್ಟಿದ್ದೇನೆ. ನಾನು ಬರೆದದ್ದರಲ್ಲಿ ಸುಳ್ಳು ಕಂಡರೆ ಅಲ್ಲೇ ಅಡ್ಡಗೆರೆ ಎಳೆ, ಕಾರಣ ಬರೆಯಬೇಕಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಅಚ್ಚು ಮತ್ತೆ ಶುರುವಾಗುತ್ತದೆ. ಗುರುವಾರ ಮಧ್ಯಾಹ್ನ ಮೂರಕ್ಕೆ ನಾನೇ ನಿನ್ನ ಮನೆಗೆ ಬಂದು ಹಾಳೆಗಳನ್ನು ತೆಗೆದುಕೊಳ್ಳುತ್ತೇನೆ.

ನಿನ್ನ ತಮ್ಮ