ಹುಳಿಗೆ ತೆರೆಯುವ ಬಾಗಿಲು

ಆಸ್ಪತ್ರೆಯ ಎರಡನೇ ಮಹಡಿ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯ? ಸುರಂಗದ ಧೂಳಿಗೆ ಗಂಟಲು ಕಟ್ಟಿದೆ ಎಂದು ನೀನು ಬರೆದಿದ್ದೆಯಲ್ಲ, ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಫೋನು ಹತ್ತದ ನಿನ್ನ ಕ್ಯಾಂಪಿಗೆ ಹೊರಟ ಜೀಪಿನವನು ಕೆಳಗೆ ಕಾಯುತ್ತಿದ್ದಾನೆ. ಮೊಣಕಾಲ ಮೇಲೆ ಕಾಗದವಿಟ್ಟು ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದಂತಿದ್ದರೆ ನಗಬೇಡ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಿನ್ನ ಮಗಳು ಗುಬ್ಬಿಗೆ ಗಂಟಲಮಾರಿ, ಅದೇ ಡಿಫ್ತೀರಿಯಾ, ಆಗಿದೆ. ನೀವು ಮನೆ ಬದಲಾಯಿಸಿದ ಗಡಿಬಿಡಿಯಲ್ಲಿ ಅವಳ ಲಸಿಕೆ ಒಂದು ಸುತ್ತು ತಪ್ಪಿತ್ತು, ನೆನಪಿದೆಯಾ? ಮೊದಲು ಬರೀ ಗಂಟಲುನೋವು. ನಮ್ಮ ಮನೆಯಲ್ಲಿ ಗಂಟಲುನೋವಿಗೆ ವೈದ್ಯರು ಯಾರು ಎಂದು ನಿನಗೆ ಗೊತ್ತಲ್ಲ. “ಹುಳಿ ಬಿದ್ರೆ ಹುಳ ಸಾಯುತ್ತೆ” ಎಂದು ಅಮ್ಮ ಅವಳಿಗೆ ಬಾಯಿ ಮುಕ್ಕಳಿಸಲು ನಿಂಬೆರಸದ ನೀರು ಕೊಟ್ಟಳು. ನಾವೆಲ್ಲ ಹಾಗೆಯೇ ಬೆಳೆದವರು, ಯಾರೂ ಬೇಡವೆನ್ನಲಿಲ್ಲ. ನಿನ್ನೆ ಗುಬ್ಬಿ ಹಿಂಡಿದಂಥ ದನಿಯಲ್ಲಿ, “ಅತ್ತೆ, ಗಂಟಲಲ್ಲಿ ಯಾರೋ ಬಾಗಿಲು ಹಾಕ್ಕೊಂಡಿದ್ದಾರೆ” ಅಂದಳು. ಟಾರ್ಚು ಬಿಟ್ಟು ನೋಡಿದೆ. ಬೂದುಬಣ್ಣದ ಪೊರೆ. ಅವಳನ್ನು ಎತ್ತಿಕೊಂಡು ಇಲ್ಲಿಗೆ ಓಡಿ ಬಂದೆ.

ನನ್ನ ಭಯ ಬೇರೆಯವರ ಭಯದಂತಲ್ಲ, ತಮ್ಮಯ್ಯಾ. ಈ ರೋಗಾಣು ಉಗುಳುವ ವಿಷ ನಮ್ಮ ಲ್ಯಾಬಿನಲ್ಲಿ ನಾನು ವರ್ಷಗಟ್ಟಲೆ ನೋಡಿದ ವಿಷ. ಅದು ಜೀವಕೋಶದ ಗೋಡೆ ಒಡೆದು ನುಗ್ಗುವುದಿಲ್ಲ. ಜೀವಕೋಶವೇ ಅದನ್ನು ಪುಟ್ಟ ಚೀಲದಲ್ಲಿ ಸುತ್ತಿ ಒಳಗೆಳೆದುಕೊಳ್ಳುತ್ತದೆ, ಆಮೇಲೆ ಅರಗಿಸಲು ಚೀಲಕ್ಕೆ ಹುಳಿ, ಅಂದರೆ ಆಮ್ಲ, ತುಂಬುತ್ತದೆ. ವಿಷ ಕಾಯುತ್ತಿರುವುದೇ ಆ ಹುಳಿಗೆ. ತಾಗಿದ ಕೂಡಲೇ ಮಡಿಕೆ ಬಿಚ್ಚಿಕೊಂಡು, ಒಳಗೆ ಅಡಗಿಸಿಟ್ಟಿದ್ದ ತುದಿಯನ್ನು ಚೀಲದ ಕೊಬ್ಬಿನ ಗೋಡೆಗೆ ನಾಟುತ್ತದೆ. ಆ ದಾರಿಯಲ್ಲಿ ಕೊಲ್ಲುವ ತುಣುಕು ಒಳಗೆ ಜಾರುತ್ತದೆ. ಲ್ಯಾಬಿನಲ್ಲಿ ಹುಳಿ ಹನಿಸಿ ಆ ಬಾಗಿಲನ್ನು ತೆರೆಸಿದವಳು ನಾನೇ. ಹಾಗಾಗಿ ಅಮ್ಮನ ನಿಂಬೆರಸ ನೆನೆದು ರಾತ್ರಿ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ನಾಚಿಕೆ ಬಿಟ್ಟು ಡಾಕ್ಟರನ್ನು ಕೇಳಿದೆ. “ನಿಂಬೆಹಣ್ಣಿನ ಮೇಲೆ ಅಪವಾದ ಹೊರಿಸಬೇಡಿ. ಆ ಹುಳಿ ಜೀವಕೋಶದ್ದೇ. ನಿಂಬೆ ಮಾಡಿದ್ದು ಇಷ್ಟೇ, ನಿಮ್ಮನ್ನ ಮನೇಲಿ ಕೂರಿಸಿತು” ಅಂದರು.

ಆ ಮಾತು ಅಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ. ವಿಷಕ್ಕೆ ಮುರಿಮದ್ದು ಬೇರೆ ಊರಿನಿಂದ ಸಂಜೆಯೊಳಗೆ ಬರಬೇಕು. ಅದು ಹೊರಗೆ ಓಡಾಡುವ ವಿಷವನ್ನಷ್ಟೇ ಹಿಡಿಯುತ್ತದೆ, ಒಳಹೊಕ್ಕದ್ದನ್ನು ವಾಪಸ್ಸು ಕರೆಯಲಾರದು. ಈ ವಿಷ ರಕ್ತದ ಜೊತೆ ಹೃದಯಕ್ಕೂ ಸೇರುತ್ತದೆ. ಗುಬ್ಬಿಯ ಹೃದಯದಲ್ಲಿ ಈಗ ಎಷ್ಟು ಬಾಗಿಲು ತೆರೆಯುತ್ತಿವೆಯೋ. ನಿನ್ನ ಹೆಂಡತಿ ಮಾಸ್ಕು ಹಾಕಿಕೊಂಡು ಒಳಗಿದ್ದಾಳೆ, ನಾನು ಗಾಜಿನ ಈಚೆ ಬೆಂಚಿನ ಮೇಲೆ. ಬ್ಯಾಗಿನಲ್ಲಿ ಕವಿತೆಯ ಪುಸ್ತಕವಿದೆ. ಒಂದೇ ಸಾಲನ್ನು ಓದಿ ಓದಿ ಇಡುತ್ತಿದ್ದೇನೆ. ಮಾನಿಟರಿನ ಗೆರೆ ಮೇಲೆದ್ದಾಗ ಉಸಿರು ಬಿಡುತ್ತೇನೆ.

ಧೈರ್ಯವಾಗಿರು ಎಂದು ಬರೆಯಲು ನನಗೇ ಧೈರ್ಯವಿಲ್ಲ. ನೀನು ಬರುವವರೆಗೆ ಈ ಬೆಂಚು ಬಿಟ್ಟು ಏಳುವುದಿಲ್ಲ.

ನಿನ್ನ,
ಅಕ್ಕ

ತಾ.ಕ.: ಜೀಪಿನವನು ಹಾರ್ನ್ ಹೊಡೆಯುತ್ತಿದ್ದಾನೆ. ನರ್ಸ್ ಈಗ ಬಂದು ಹೇಳಿದರು. ಗುಬ್ಬಿ ಒಳಗೆ ಪಿಸುಗುಟ್ಟಿದಳಂತೆ: “ಅಪ್ಪಂಗೂ ಹೀಗೇ ನೋಯ್ತಿತ್ತು. ಅಪ್ಪ ಕ್ಯಾಂಪಿಗೆ ವಾಪಸ್ ಹೊರಟಾಗ ಇಬ್ರೂ ಒಂದೇ ಲೋಟದಲ್ಲಿ ಹಾಲು ಕುಡಿದ್ವಿ.” ತಮ್ಮಯ್ಯಾ, ನಿನ್ನ ಗಂಟಲಿನದು ಧೂಳಲ್ಲ. ಇದೇ ಜೀಪಿನಲ್ಲಿ ಬಾ, ಬಾಯಿಗೆ ಬಟ್ಟೆ ಕಟ್ಟಿಕೊ, ಮನೆಗೆ ಹೋಗದೆ ನೇರ ಇಲ್ಲಿಗೇ ಬಾ. ಕ್ಯಾಂಪಿನಲ್ಲಿ ನಿನ್ನ ಜೊತೆ ಉಂಡವರೆಲ್ಲ ಗಂಟಲು ತೋರಿಸಿಕೊಳ್ಳಲಿ. ಜೀಪಿನವನ ಕೈಯಲ್ಲಿ ಅಮ್ಮ ನಿನಗೆಂದು ನಿಂಬೆರಸದ ಶೀಸೆ ಕೊಟ್ಟಿದ್ದಾಳೆ. ಇಸಿದುಕೊ, ಅವಳ ಮನಸ್ಸು ನೋಯುವುದು ಬೇಡ. ಮುಚ್ಚಳ ಮಾತ್ರ ತೆಗೆಯಬೇಡ, ಜೀಪು ಹತ್ತು.